ಹೊಲಾಶೊವಿತ್ಸೆ: ವ್ಯಾನ್ ಟೂರ್ ಬಿಡಿ, ರಾತ್ರಿ ಅಲ್ಲೇ ಉಳ್ಕೊಳ್ಳಿ

ಮೊದ್ಲೇ ಸ್ಟಾರ್ ಹಂಚ್ಬಿಡ್ತೀನಿ, ಪೂರ್ತಿ ಓದೋ ತಾಳ್ಮೆ ಇಲ್ದೋರಿಗೆ ಅನುಕೂಲ ಆಗ್ಲಿ. ಗೆಸ್ಟ್‌ಹೌಸಿಗೆ 5ಕ್ಕೆ 4. ಊಟಕ್ಕೆ ಮೂರೂವರೆ. ಊರಿಗೆ, ಅಂದ್ರೆ ಚೆಕ್ ದೇಶದ ಹೊಲಾಶೊವಿತ್ಸೆ ಹಳ್ಳಿಗೆ, 5ಕ್ಕೆ 5, ಅದ್ರಲ್ಲಿ ಚೌಕಾಸಿ ಇಲ್ಲ. ಚೆಸ್ಕಿ ಕ್ರುಮ್ಲೊವ್ ಪಟ್ಟಣದಿಂದ ಹೊರಡೋ ಆ ವ್ಯಾನ್ ಟೂರಿಗೆ ಮಾತ್ರ 1, ಅದೂ ಡ್ರೈವರ್ ಒಳ್ಳೇ ಮನುಷ್ಯ ಅನ್ನೋ ಕಾರಣಕ್ಕೆ.

ವ್ಯಾನ್ ಟೂರಿಂದ್ಲೇ ಶುರು ಮಾಡ್ತೀನಿ ಯಾಕಂದ್ರೆ ಇಲ್ಲಿ ನಮ್ಮೋರು ಮುಕ್ಕಾಲು ಜನ ಈ ಹಳ್ಳಿ ನೋಡೋದೇ ಹಾಗೆ. ನಾನಿರೋದು ಬ್ರ್ನೋದಲ್ಲಿ, ಐಟಿ ಕೆಲ್ಸ, ಆಫೀಸಿನ ಗುಂಪಿನ ಜೊತೆ ಮೊದಲು ಹೋಗಿದ್ದು ಇದೇ ಥರದ್ರಲ್ಲೇ. ಬೆಳಿಗ್ಗೆ ಕ್ರುಮ್ಲೊವ್, ಮಧ್ಯಾಹ್ನ ಹೊಲಾಶೊವಿತ್ಸೆ, ಸಂಜೆ ಹ್ಲುಬೊಕಾ ಕೋಟೆ, ಅಲ್ಲಿಂದ ವಾಪಸ್. ಹೊಲಾಶೊವಿತ್ಸೆಗೆ ಕೊಡೋದು ಮುಕ್ಕಾಲು ಗಂಟೆ. ಮುಕ್ಕಾಲು ಗಂಟೇಲಿ ಏನಾಗುತ್ತೆ ಹೇಳಿ, ಇಳಿದು ಕೆರೆ ಪಕ್ಕ ನಿಂತು ಫೋಟೋ, ಗ್ರೂಪ್ ಫೋಟೋ, ಟಾಯ್ಲೆಟ್ ಹುಡುಕೋದು, ಐಸ್‌ಕ್ರೀಮ್ ಕ್ಯೂ, ಅಷ್ಟರಲ್ಲಿ ಹಾರ್ನ್. ಬಂದು ಮ್ಯಾಪ್‌ನಲ್ಲಿ ಬರೀತಾರೆ, 'ಮನೆಗಳು ಚೆನ್ನಾಗಿವೆ, ಆದ್ರೆ ನೋಡೋಕೇನಿಲ್ಲ, ಎಲ್ಲಾ ಗೇಟ್ ಮುಚ್ಚಿರುತ್ತೆ' ಅಂತ. ಗೇಟ್ ಮುಚ್ಚಿರುತ್ತೆ ಸ್ವಾಮಿ, ಒಳಗಡೆ ಜನ ಸಂಸಾರ ಮಾಡ್ತಿದ್ದಾರೆ! ಅದು ಸಿನಿಮಾ ಸೆಟ್ಟಲ್ಲ. ಯುನೆಸ್ಕೋ ಬೋರ್ಡ್ ಹಾಕಿದ ಮಾತ್ರಕ್ಕೆ ಪ್ರತಿ ಮನೆಗೂ ಟಿಕೆಟ್ ಕೌಂಟರ್ ಇರ್ಬೇಕು ಅಂತ ಯಾಕೆ ಅನ್ಕೋತಾರೋ.

ಆಮೇಲೆ ಅತ್ತೆ ಮಾವ ಊರಿಂದ ಬಂದಾಗ ಅವ್ರನ್ನ ಕರ್ಕೊಂಡು ಹೋದ್ವಿ, ಈ ಸಲ ಉಳ್ಕೊಳ್ಳೋದೇ ಅಂತ. ಮಾವ ಹಾಸನದ ಕಡೆಯ ರೈತರು, ಪ್ರಾಗ್‌ನಲ್ಲಿ ಚಾರ್ಲ್ಸ್ ಸೇತುವೆ ಮೇಲೆ ನಿಲ್ಸಿದ್ರೆ 'ಹ್ಞೂಂ ಚೆನ್ನಾಗೈತೆ' ಅಂದು ಬೆಂಚ್ ಹುಡುಕ್ತಿದ್ರು. ಇಲ್ಲಿಗೆ ಬಂದ್ಮೇಲೆ ಮನುಷ್ಯ ಕೂರ್ಲೇ ಇಲ್ಲ. ಹಾಗಾಗಿ ಈ ರಿವ್ಯೂನಲ್ಲಿ ಅರ್ಧ ಅವ್ರ ಕಣ್ಣು ಅಂತ ಇಟ್ಕೊಳ್ಳಿ.

ಊರು ಎಲ್ಲಿದೆ ಅಂದ್ರೆ ಚೆಕ್ ದೇಶದ ದಕ್ಷಿಣಕ್ಕೆ, ಚೆಸ್ಕೆ ಬುದ್ಯೆಯೊವಿತ್ಸೆ ಅನ್ನೋ ದೊಡ್ಡ ಪಟ್ಟಣದಿಂದ ಪಶ್ಚಿಮಕ್ಕೆ ಹದಿನೈದು ಕಿಲೋಮೀಟರ್ ಚಿಲ್ಲರೆ. ಆ ಪಟ್ಟಣದ ಹೆಸರು ಬಾಯಿಗೆ ಬರ್ದೇ ಇದ್ರೆ ಬಡ್‌ವೈಸರ್ ಅಂತ ನೆನಪಿಟ್ಕೊಳ್ಳಿ, ಅದರ ಜರ್ಮನ್ ಹೆಸರು ಬುಡ್‌ವೈಸ್, ಬಿಯರ್ ಹೆಸರು ಹುಟ್ಟಿದ್ದೇ ಅಲ್ಲಿಂದ, ಅಮೆರಿಕದ ಕಂಪನಿಗೂ ಇಲ್ಲಿನ ಬುಡ್‌ವರ್‌ಗೂ ಆ ಹೆಸರಿಗೋಸ್ಕರ ಕೋರ್ಟಲ್ಲಿ ನಡೆದ ಜಗಳ ಒಂದು ತಲೆಮಾರಿನದಲ್ಲ. ಪ್ರಾಗ್‌ನಿಂದ ರೈಲಲ್ಲಿ ಎರಡು ಗಂಟೆ ಆಸುಪಾಸು, ಬ್ರ್ನೋದಿಂದ ಬಂದ್ರೆ ನಾಲ್ಕು ಗಂಟೆ ಮೇಲೇ. ಅಲ್ಲಿಂದ ಹಳ್ಳಿಗೆ ಬಸ್ಸು, ಅರ್ಧ ಗಂಟೆ ಆಸುಪಾಸು. ಹಳ್ಳಿಗೆ ರೈಲಿಲ್ಲ. ವಾರದ ದಿನ ಬಸ್ ಪರ್ವಾಗಿಲ್ಲ, ಶನಿವಾರ ಭಾನುವಾರ ಬಹಳ ಕಮ್ಮಿ, ಬಸ್ಸು ರೈಲಿನ ಟೈಮ್ ತೋರ್ಸೋ ಐಡಾಸ್ ಆ್ಯಪ್‌ನಲ್ಲಿ ಹೋಗೋದಷ್ಟೇ ಅಲ್ಲ ಬರೋದೂ ನೋಡ್ಕೊಂಡೇ ಹೊರಡಿ. ಟ್ಯಾಕ್ಸಿ ಸಿಗುತ್ತೆ ಅಂತ ನಂಬ್ಕೊಂಡು ಹೋಗೋ ಜಾಗ ಅಲ್ಲ ಅದು.

ಒಂದ್ ತಮಾಷೆ ಏನಂದ್ರೆ, ಈ ದೊಡ್ಡ ಪಟ್ಟಣಾನ ಎರಡನೇ ಪ್ಶೆಮಿಸ್ಲ್ ಒತಕರ್ ಅನ್ನೋ ರಾಜ ಕಟ್ಸಿದ್ದು 1265ರಲ್ಲಿ. ಹೊಲಾಶೊವಿತ್ಸೆ ಹೆಸರು ಕಾಗದದಲ್ಲಿ ಮೊದಲು ಕಾಣಿಸೋದು 1263ರಲ್ಲಿ. ಅಂದ್ರೆ ದಾಖಲೆ ಪ್ರಕಾರ ಹಳ್ಳಿನೇ ಪಟ್ಟಣಕ್ಕಿಂತ ಎರಡು ವರ್ಷ ಸೀನಿಯರ್. ಈಗ ಅದು ಲಕ್ಷದ ಹತ್ರ ಜನ ಇರೋ ಊರು, ಇಲ್ಲಿರೋದು 140ರ ಆಸುಪಾಸು. ಸ್ವಂತ ಪಂಚಾಯ್ತಿನೂ ಇಲ್ಲ, ಪಕ್ಕದ ಯಾಂಕೊವ್‌ಗೆ ಸೇರುತ್ತೆ.

ಬಸ್ಸಲ್ಲಿ ಬರ್ತಾ ಕಿಟಕಿ ಕಡೆ ಕೂತ್ಕೊಳ್ಳಿ. ಈ ಸೀಮೆಗೆ ಬ್ಲಾತಾ ಅಂತಾರೆ, ಜೌಗು ನೆಲ, ಪೀಟ್ ಮಣ್ಣು, ಮಧ್ಯೆ ಮಧ್ಯೆ ಕೆರೆಗಳು, ಉದ್ದಕ್ಕೆ ಹುಲ್ಲುಗಾವಲು. ದಕ್ಷಿಣಕ್ಕೆ ಬ್ಲಾನ್ಸ್ಕಿ ಲೆಸ್ ಅನ್ನೋ ಕಾಡುಗುಡ್ಡದ ಸಾಲು, ಅದ್ರಲ್ಲಿ ಎತ್ತರದ್ದು ಕ್ಲೆಟ್ಯ್, 1,084 ಮೀಟರ್. ಗುಡ್ಡ ಒಂದ್ಕಡೆ, ತೇವದ ಬಯಲು ಇನ್ನೊಂದ್ಕಡೆ. ಹುಲ್ಲಿಗೆ ಬರ ಇಲ್ಲ, ಅಂದ್ಮೇಲೆ ದನಕ್ಕೂ ಬರ ಇಲ್ಲ. ಈ ಸೀಮೆ ರೈತರು ಸ್ವಲ್ಪ ಗತ್ತಿನೋರು ಅಂತ ಹೆಸರು. ಉತ್ತರಕ್ಕಿರೋ ಝ್ಬುದೊವ್ ಕಡೆ ಒಂದು ಕಥೆ ಹೇಳ್ತಾರೆ, ಯಾಕುಬ್ ಕುಬಾತಾ ಅನ್ನೋ ರೈತ ಈ ಹುಲ್ಲುಗಾವಲು ನಮ್ದು, ದೊರೆಗೆ ಬಿಡಲ್ಲ ಅಂತ ಹಠ ಹಿಡಿದು ತಲೆ ಕೊಟ್ಟ ಅಂತ, ಬಯಲಲ್ಲೇ ಅವನಿಗೊಂದು ಸ್ಮಾರಕ ಇದೆ. ಮಾವನಿಗೆ ಇದು ಹೇಳಿದ್ದೇ ತಡ, 'ಹುಲ್ಗಾವಲಿಗೆ ತಲೆ ಕೊಟ್ಟವ್ನೆ ಅಂದ್ರೆ ದನ ಸಾಕಿರೋನೇ ಬುಡು' ಅಂದ್ರು. ಯಾವ ಗೈಡೂ ಇಷ್ಟು ಚೆನ್ನಾಗಿ ಹೇಳಲ್ಲ.

ಸರಿ, ಊರಿಗೆ ಬರೋಣ. ಮಧ್ಯದಲ್ಲಿ ಉದ್ದನೆ ಹುಲ್ಲಿನ ಬಯಲು, ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲ. ಅದ್ರಲ್ಲೊಂದು ಕೆರೆ, ಒಂದು ಚಾಪೆಲ್ ಅಂದ್ರೆ ಪುಟ್ಟ ಪ್ರಾರ್ಥನಾ ಮಂದಿರ, ಒಂದು ಶಿಲುಬೆ, ಕಮ್ಮಾರನ ಕುಲುಮೆಯ ಹಳೇ ಕಟ್ಟಡ. ಸುತ್ತ 23 ಒಕ್ಕಲು ಮನೆಗಳು, ಎಲ್ಲವೂ ಬಯಲಿಗೆ ಮುಖ ಮಾಡಿ. ನಮ್ಮ ಅತ್ತೆ ಇಳಿದ ತಕ್ಷಣ 'ಇದು ರಥಬೀದಿ ಇದ್ದಂಗೈತೆ ಕಣ್ರೀ, ತೇರೊಂದಿಲ್ಲ' ಅಂದ್ರು, ಅಳತೇಲೂ ಲಕ್ಷಣದಲ್ಲೂ ಸರಿಯಾಗೇ ಹೇಳಿದ್ರು.

ಚಾಪೆಲ್ ಕಟ್ಟಿದ್ದು 1755ರಲ್ಲಿ, ನೆಪೊಮುಕ್‌ನ ಸಂತ ಯಾನ್ ಹೆಸರಲ್ಲಿ. ಪ್ರಾಗ್‌ನ ಚಾರ್ಲ್ಸ್ ಸೇತುವೆಯಿಂದ 1393ರಲ್ಲಿ ರಾಜ ನದಿಗೆ ಎಸೆಸಿದ್ನಲ್ಲ, ಸೇತುವೆ ಮೇಲೆ ಎಲ್ರೂ ಮೂರ್ತಿಯ ಕೆಳಗಿನ ಕಂಚಿನ ಫಲಕ ಮುಟ್ಟಿ ಮುಟ್ಟಿ ಹೊಳೆಯೋ ಹಾಗೆ ಮಾಡಿದ್ದಾರಲ್ಲ, ಅದೇ ಸಂತ. 1729ರಲ್ಲಿ ಅವನಿಗೆ ಸಂತ ಪದವಿ ಸಿಕ್ಕಿದ್ದು, ಆಮೇಲೆ ಈ ದೇಶದಲ್ಲಿ ಸೇತುವೆ, ಕೆರೆ, ದಾರಿಬದಿ ಎಲ್ಲೆಲ್ಲೂ ಅವನೇ. ಇಲ್ಲೂ ಕೆರೆ ಇದ್ದ ಊರಲ್ಲಿ ನೀರಿನ ಸಂತ. ಚಾಪೆಲ್ ಚಿಕ್ಕದು, ದೊಡ್ಡ ನಿರೀಕ್ಷೆ ಇಟ್ಕೋಬೇಡಿ.

ನೋಡ್ಬೇಕಾಗಿರೋದು ಮನೆ ಮುಂಭಾಗ. ಒಂದ್ ಮನೆ ಎದ್ರು ಹತ್ತು ನಿಮಿಷ ನಿಂತ್ಕೊಳ್ಳಿ. ಎಡಕ್ಕೆ ವಾಸದ ಮನೆಯ ಮಾಡದ ಗೋಡೆ (ಇಳಿಜಾರು ಚಾವಣಿಯ ತುದೀಲಿ ತ್ರಿಕೋನವಾಗಿ ಏರೋ ಗೋಡೆ), ಬಲಕ್ಕೆ ಕಣಜದ ಅಥ್ವಾ ಇನ್ನೊಂದು ಚಿಕ್ಕ ಮನೆಯ ಮಾಡದ ಗೋಡೆ, ಎರಡರ ಮಧ್ಯೆ ಗೋಡೆ, ಆ ಗೋಡೇಲಿ ಕಮಾನಿನ ದೊಡ್ಡ ಗೇಟು, ಪಕ್ಕದಲ್ಲಿ ಮನುಷ್ಯರಿಗೆ ಅಂತ ಚಿಕ್ಕ ಬಾಗಿಲು. ಮಾಡದ ಗೋಡೆ ಮೇಲ್ತುದಿ ನೆಟ್ಟಗಿಲ್ಲ, ಅಲೆ ಅಲೆಯಾಗಿ ಬಾಗಿ ಬಾಗಿ ಮೇಲಕ್ಕೆ ಹೋಗುತ್ತೆ. ಬಣ್ಣ ಒಂದು ಮನೆಗೆ ತಿಳಿಹಳದಿ, ಇನ್ನೊಂದಕ್ಕೆ ತಿಳಿಹಸಿರು, ಅದರ ಮೇಲೆ ಬಿಳಿ ಗಾರೆಯಲ್ಲಿ ಬಳ್ಳಿ, ಪಟ್ಟಿ, ಕಿಟಕಿ ಸುತ್ತ ಚೌಕಟ್ಟು, ಅಟ್ಟದ ಪುಟ್ಟ ಪುಟ್ಟ ಕಿಟಕಿಗಳು, ಮೇಲೆ 18 ಅಂತ ಶುರುವಾಗೋ ಇಸವಿ. ಹತ್ರ ಹೋಗಿ ನೋಡಿದ್ರೆ ಬಳ್ಳಿಯ ಎಡಭಾಗಕ್ಕೂ ಬಲಭಾಗಕ್ಕೂ ಪೂರ್ತಿ ಹೊಂದಲ್ಲ, ಒಂದ್ಕಡೆ ಎಲೆ ದಪ್ಪ, ಒಂದ್ಕಡೆ ಸಣ್ಣ. ಅಚ್ಚಲ್ಲ, ಕೈಕೆಲಸ. ಪಕ್ಕದ ಮನೇದು ಇನ್ನೊಂದ್ ಥರ, ಅದರಾಚೆದು ಇನ್ನೊಂದ್ ಥರ, ಪ್ಲ್ಯಾನ್ ಮಾತ್ರ 23ಕ್ಕೂ ಒಂದೇ.

ಇದಕ್ಕೆ ಹಳ್ಳಿ ಬರೋಕ್ ಅಂತಾರೆ. ಬರೋಕ್ ಅಂದ್ರೆ ಬಾಗು ಬಳುಕು, ಅಲಂಕಾರ ಜಾಸ್ತಿ ಇರೋ ಕಟ್ಟಡ ಶೈಲಿ, ಪಟ್ಟಣದಲ್ಲಿ ಅದು ನಡೆದಿದ್ದು 17-18ನೇ ಶತಮಾನದಲ್ಲಿ, ಚರ್ಚು ಅರಮನೆ ಎಲ್ಲಾ. ಇಲ್ಲಿ ಈ ಮುಂಭಾಗಗಳು ಹೆಚ್ಚಿನವು 19ನೇ ಶತಮಾನದ್ದು, ಪ್ರಾಗ್ ವಿಯೆನ್ನಾದೋರು ಅದನ್ನ ಹಳೇ ಫ್ಯಾಷನ್ ಅಂತ ಬಿಟ್ಟು ಎಷ್ಟೋ ಕಾಲ ಆದ್ಮೇಲೆ. ಯಾಕೆ ಅಷ್ಟು ತಡ ಅಂದ್ರೆ ದುಡ್ಡು. 1848ರಲ್ಲಿ, ಆಗ ಈ ಸೀಮೆ ಆಳ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ರಾಜ್ಯದಲ್ಲಿ ಜೀತದ ಪದ್ಧತಿ ಹೋಯ್ತು, ರೈತ ತನ್ನ ಜಮೀನಿಗೆ ತಾನೇ ಯಜಮಾನ ಆದ, ಬೆಳೆದಿದ್ದು ಮಾರಿದ ದುಡ್ಡು ಕೈಯಲ್ಲಿ ಉಳೀತು. ಬೆಂಕಿ ಭಯಕ್ಕೆ ಸರ್ಕಾರಾನೂ ಮರದ ಮನೆ ಬೇಡ, ಇಟ್ಟಿಗೆದು ಕಟ್ಟಿ ಅಂತಿತ್ತು. ದುಡ್ಡು ಬಂದ ರೈತ ಏನ್ಮಾಡ್ತಾನೆ, ಮನೆ ಮುಂಭಾಗ ಮಾಡಿಸ್ತಾನೆ, ಎದುರು ಮನೆಯವನಿಗಿಂತ ಒಂದು ಬಳ್ಳಿ ಜಾಸ್ತಿ ಇರ್ಲಿ ಅಂತಾನೆ. ಊರಿನ ಮೇಸ್ತ್ರಿ ತಾನು ಚರ್ಚಲ್ಲಿ ನೋಡಿದ್ದನ್ನ ನೆನಪಿಟ್ಕೊಂಡು ಮಾಡ್ತಾನೆ. ನಂಗಂತೂ ಪ್ರಾಗ್‌ನ ಅಸಲಿ ಬರೋಕ್‌ಗಿಂತ ಇದೇ ಇಷ್ಟ, ಅದ್ರಲ್ಲಿ ಹೆದರ್ಸೋ ಗುಣ ಇದೆ, ಇದ್ರಲ್ಲಿ ಇಲ್ಲ.

ಆದ್ರೆ ಯುನೆಸ್ಕೋದೋರು 1998ರಲ್ಲಿ ಪಟ್ಟಿಗೆ ಸೇರ್ಸಿದ್ದು ಬರೀ ಬಳ್ಳಿ ನೋಡಿ ಅಲ್ಲ. ಮನೆ 18-19ನೇ ಶತಮಾನದ್ದಾದ್ರೂ ಅವು ನಿಂತಿರೋ ನಿವೇಶನದ ಗೆರೆ ಮಧ್ಯಯುಗದ್ದು. ಊರು ಹಾಕಿದಾಗ ಯಾರಿಗೆ ಎಷ್ಟು ಅಗಲ, ಎಷ್ಟು ಉದ್ದ ಅಂತ ಹಂಚಿದ್ರೋ ಅದೇ ಹಂಚಿಕೆ ಮೇಲೆ ಮರದ ಮನೆ ಹೋಗಿ ಇಟ್ಟಿಗೆ ಮನೆ ಬಂತು, ಗೆರೆ ಆಚೀಚೆ ಆಗ್ಲಿಲ್ಲ. ರಕ್ಷಣೆಯಲ್ಲಿರೋ ಕಟ್ಟಡ ಹೊರಗಿನ ಕೊಟ್ಟಿಗೆ ಕಣಜ ಎಲ್ಲಾ ಸೇರಿ 120. ವ್ಯಾನ್ ಟೂರ್ ಗೈಡ್ ಇದೊಂದನ್ನ ಹೇಳಿದ್ರೂ ಸಾಕಿತ್ತು, ಅವ್ನು ಮೈಕಲ್ಲಿ 'ಕಥೆ ಪುಸ್ತಕದ ಹಳ್ಳಿ' ಅಂದು ಮುಗಿಸ್ದ.

ಈಗ ಗೆಸ್ಟ್‌ಹೌಸ್. ಹೆಸರು ಹಾಕಲ್ಲ, ಊರಲ್ಲಿ ಉಳ್ಕೊಳ್ಳೋ ಜಾಗಗಳು ಬೆರಳೆಣಿಕೆ, ಯಾವುದ್ರಲ್ಲಿ ಸಿಕ್ಕಿದ್ರೂ ಉಳ್ಕೊಳ್ಳಿ. ಒಂದು ಹಳೇ ಒಕ್ಕಲು ಮನೆಯ ಪಕ್ಕದ ಭಾಗಾನ ರೂಮ್ ಮಾಡಿದ್ದಾರೆ. ಇದರ ದೊಡ್ಡ ಲಾಭ ಏನಂದ್ರೆ ಆ ಮುಚ್ಚಿದ ಗೇಟ್ ನಿಮಗೆ ತೆರೆಯುತ್ತೆ. ಒಳಗೆ ಕಾಲಿಟ್ಟಾಗ ಗೊತ್ತಾಗುತ್ತೆ ಮುಂಭಾಗ ಅನ್ನೋದು ಬರೀ ಮುಖ, ಮನೆ ಇರೋದು ಹಿಂದಕ್ಕೆ. ಮಧ್ಯೆ ಉದ್ದನೆ ಅಂಗಳ, ಒಂದ್ಕಡೆ ವಾಸ, ಅದೇ ಸಾಲಲ್ಲಿ ಮುಂದುವರೆದು ದನದ ಕೊಟ್ಟಿಗೆ, ಎದುರಿಗೆ ಕಣಜ, ಹಿಂದೆ ಅಡ್ಡಕ್ಕೆ ದೊಡ್ಡ ಹುಲ್ಲಿನ ಕಟ್ಟಡ, ಅದಕ್ಕೂ ಎರಡು ಕಡೆ ಬಾಗಿಲು, ಆಚೆ ಬಾಗಿಲು ತೆರೆದ್ರೆ ತೋಟ, ಆಮೇಲೆ ಹೊಲ. ಗಾಡಿ ಊರ ಕಡೆಯಿಂದ ಬಂದು ಹೊಲದ ಕಡೆ ಹೋಗ್ಬಹುದು.

ಮಾವ ಅಂಗಳದ ನಡುವೆ ನಿಂತು 'ಏನಪ್ಪಾ, ಈ ಅಗಲದಾಗೆ ಜೋಡೆತ್ತಿನ ಗಾಡಿ ತಿರುಗ್ಸಬೋದು, ಲೆಕ್ಕ ಹಾಕೇ ಕಟ್ಟವ್ರೆ' ಅಂದ್ರು. ಮನೆ ಯಜಮಾನ್ರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನ ಚೆಕ್ ಇನ್ನೂ ಅಂಗಡಿ ಲೆವೆಲ್ಲು. ಆದ್ರೂ ಮಾವ ಕೈಸನ್ನೆ ಮಾಡ್ಕೊಂಡು ಮಣ್ಣು ಒಂದು ಹಿಡಿ ತಗೊಂಡು ತೋರ್ಸಿ, ಅವ್ರು ತಲೆ ಆಡ್ಸಿ, ಕೊಟ್ಟಿಗೆ ಕಲ್ಲು ತೊಟ್ಟಿ ತೋರ್ಸಿ, ಅರ್ಧ ಗಂಟೆ ಇಬ್ರೂ ಮಾತಾಡಿದ್ರು, ಯಾವ ಭಾಷೇಲಿ ಅಂತ ನಂಗಿನ್ನೂ ಗೊತ್ತಾಗಿಲ್ಲ.

ಗೇಟಿನ ಬಲಕ್ಕಿರೋ ಆ ಚಿಕ್ಕ ಮನೆ ಬಗ್ಗೆ ಹೇಳ್ಬೇಕು. ಅದಕ್ಕೆ ವೀಮಿನೆಕ್ ಅಂತಾರೆ. ಮಗನ ಹೆಸರಿಗೆ ಜಮೀನು ಮನೆ ಬರೆದುಕೊಟ್ಟ ಮೇಲೆ ಅಪ್ಪ ಅಮ್ಮ ಆ ಚಿಕ್ಕ ಭಾಗಕ್ಕೆ ಹೋಗ್ಬೇಕು. ಸುಮ್ನೆ ಬಾಯಿಮಾತಲ್ಲ, ವರ್ಷಕ್ಕೆ ಎಷ್ಟು ಕಾಳು ಕೊಡ್ಬೇಕು, ಹಾಲೆಷ್ಟು, ಸೌದೆ ಎಷ್ಟು ಅಂತ ಪತ್ರದಲ್ಲೇ ಬರೆಸ್ಕೊಳ್ತಿದ್ರಂತೆ. ಒಂದೇ ಅಂಗಳ, ಎರಡು ಒಲೆ. ಇದನ್ನ ಕೇಳಿ ಅತ್ತೆ ನನ್ನ ಹೆಂಡ್ತಿ ಮುಖ ನೋಡಿದ್ರು, ಹೆಂಡ್ತಿ ನನ್ನ ಮುಖ ನೋಡಿದ್ಲು, ನಾನು ಚಾಪೆಲ್ ಕಡೆ ನೋಡ್ದೆ. ಮಾವ ಮಾತ್ರ 'ಒಳ್ಳೇ ಪದ್ಧತಿ, ಪತ್ರ ಇದ್ರೆ ಜಗಳ ಇಲ್ಲ' ಅಂತ ತೀರ್ಪು ಕೊಟ್ರು. ನಾವು ಮಲಗಿದ್ದ ರೂಮು ಆ ವೀಮಿನೆಕ್‌ದೇ.

ರೂಮ್ ಬಗ್ಗೆ: ದಪ್ಪ ಗೋಡೆ, ಬೇಸಿಗೇಲೂ ತಂಪು, ಕಿಟಕಿ ಚಿಕ್ಕದು, ಬಾತ್ರೂಮ್ ಕ್ಲೀನ್, ಬಿಸಿನೀರು ಸರಿ. ವೈಫೈ ಅಂಗಳದಲ್ಲಿ ಬರುತ್ತೆ ರೂಮಲ್ಲಿ ಬರಲ್ಲ, ಆ ಗೋಡೆಗೆ ಯಾವ ರೂಟರ್ ತಡೆಯುತ್ತೆ. ಬಾಗಿಲ ಮೇಲ್ಗಟ್ಟು ತಗ್ಗು, ಉದ್ದ ಇರೋರು ತಲೆ ನೋಡ್ಕೊಳ್ಳಿ. ಒಂದು ಸ್ಟಾರ್ ಕಟ್ ಮಾಡಿದ್ದು ಮೆಟ್ಟಿಲಿಗೆ, ಕಡಿದಾಗಿದೆ, ಅತ್ತೆಗೆ ಮಂಡಿ ನೋವು, ಕೆಳಗಿನ ರೂಮ್ ಬೇಕು ಅಂತ ಬುಕ್ಕಿಂಗಲ್ಲಿ ಬರೆದಿದ್ರೂ ಮೇಲಿಂದು ಕೊಟ್ಟಿದ್ರು. ಕೇಳಿದ್ಮೇಲೆ ಬದಲಾಯಿಸಿಕೊಟ್ರು, ಮುಖ ಗಂಟು ಹಾಕ್ಕೊಳ್ಳದೇ. ತಿಂಡಿಗೆ ಬ್ರೆಡ್ಡು, ಬೆಣ್ಣೆ, ಮನೇಲಿ ಮಾಡಿದ ಜಾಮ್, ಚೀಸು, ಮೊಟ್ಟೆ, ಟೀ. ವೆಜ್ ಅಂದ್ರೆ ಏನು ಅಂತ ಎರಡು ಸಲ ಕೇಳಿದ್ರು, ಆಮೇಲೆ ಹ್ಯಾಮ್ ತಟ್ಟೆ ಬೇರೇನೇ ಇಟ್ರು.

ಸಂಜೆ ಐದು ಐದೂವರೆ ಆಗ್ತಿದ್ದ ಹಾಗೆ ಟೂರಿನೋರೆಲ್ಲ ಖಾಲಿ. ಬಯಲಲ್ಲಿ ಒಬ್ರು ಅಜ್ಜಿ ನಾಯಿ ಹಿಡ್ಕೊಂಡು, ಇಬ್ರು ಹುಡುಗ್ರು ಸೈಕಲ್ಲು. ಬಿಸಿಲು ಓರೆಯಾಗಿ ಬಿದ್ದಾಗ ಗಾರೆ ಬಳ್ಳಿಗಳ ನೆರಳು ಗೋಡೆ ಮೇಲೆ ಎದ್ದು ಕಾಣುತ್ತೆ, ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಅದು ಕಾಣೋದೇ ಇಲ್ಲ. ಫೋಟೋ ಹುಚ್ಚಿರೋರು ಇದೊಂದಕ್ಕೇ ಉಳ್ಕೋಬಹುದು.

ಇನ್ನು ಚರಿತ್ರೆ, ಇದು ಗೊತ್ತಿಲ್ದೇ ಹೋದ್ರೆ ಈ ಊರು ಚಂದದ ಮನೆಗಳ ಸಾಲು ಅಷ್ಟೇ ಅನ್ಸುತ್ತೆ. 1292ರಲ್ಲಿ ಎರಡನೇ ವಾತ್ಸ್ಲಾವ್ ರಾಜ ಈ ಹಳ್ಳೀನ ವಿಶ್ಶಿ ಬ್ರೊದ್ ಮಠಕ್ಕೆ ಉಂಬಳಿ ಕೊಟ್ಟ. ಅದು ಸಿಸ್ಟರ್ಶಿಯನ್ ಅನ್ನೋ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳ ಮಠ, 1259ರಲ್ಲಿ ಶುರುವಾಗಿದ್ದು, ಇಲ್ಲಿಂದ ದಕ್ಷಿಣಕ್ಕೆ ಆಸ್ಟ್ರಿಯಾ ಗಡಿ ಹತ್ರ ವ್ಲ್ತಾವಾ ನದಿ ದಡದಲ್ಲಿದೆ. ಆವತ್ತಿಂದ 1848ರ ತನಕ, ಐದೂವರೆ ಶತಮಾನ, ಈ ಊರಿನ ಒಡೆಯ ಆ ಮಠಾನೇ. ಒಬ್ಬನೇ ಒಡೆಯ ಅಷ್ಟು ಕಾಲ ಇದ್ದಿದ್ದಕ್ಕೇ ನಿವೇಶನದ ಗೆರೆ ಕೆಡದೇ ಉಳೀತು ಅಂತ ನನ್ನ ಲೆಕ್ಕ, ಮಾರಾಟ ಮಾಡಿ ತುಂಡು ಮಾಡಿ ಹಂಚೋ ಪ್ರಮೇಯ ಬರ್ಲಿಲ್ಲ.

1520ರಿಂದ 1525ರ ನಡುವೆ ಪ್ಲೇಗ್ ಬಂತು. ಊರು ಹೆಚ್ಚುಕಮ್ಮಿ ನಿರ್ನಾಮ. ಮಠದೋರು ಖಾಲಿ ಮನೆ, ಪಾಳು ಹೊಲ ಇಟ್ಕೊಂಡು ಏನ್ಮಾಡ್ತಾರೆ, ಕಂದಾಯ ಬರ್ಬೇಕಲ್ಲ, ಆಸ್ಟ್ರಿಯಾ ಬವೇರಿಯಾ ಕಡೆಯಿಂದ ಜರ್ಮನ್ ಒಕ್ಕಲುಗಳನ್ನ ತಂದು ಕೂರ್ಸಿದ್ರು. ಸುತ್ತ ಚೆಕ್ ಹಳ್ಳಿಗಳು, ಮಧ್ಯೆ ಇದೊಂದು ಜರ್ಮನ್ ಮಾತಾಡೋ ಊರು. ಊರಿಗೆ ಜರ್ಮನ್ ಹೆಸರೂ ಇತ್ತು, ಹೊಲ್ಶೊವಿಟ್ಸ್ ಅಂತ. 1895ರ ಲೆಕ್ಕ ನೋಡಿ, 157 ಜರ್ಮನ್ನರು, 19 ಚೆಕ್ಕರು. ಅದೇ ವರ್ಷ ಬುದ್ಯೆಯೊವಿತ್ಸೆಯಲ್ಲಿ ಬುಡ್‌ವರ್ ಕಾರ್ಖಾನೆ ಶುರುವಾಗಿದ್ದು, ಪಟ್ಟಣದ ಜರ್ಮನ್ನರಿಗೆ ಆಗ್ಲೇ ಒಂದು ಬಿಯರ್ ಕಾರ್ಖಾನೆ ಇತ್ತು, ಚೆಕ್ಕರು ನಮ್ದೂ ಒಂದಿರ್ಲಿ ಅಂತ ಕಟ್ಟಿದ್ದು. ಆ ಕಾಲದಲ್ಲಿ ಈ ಸೀಮೇಲಿ ಬಿಯರೂ ಎರಡು ಪಂಗಡ.

ಅಂದ್ರೆ ಇವತ್ತು ಚೆಕ್ ಹಳ್ಳಿ ಸೌಂದರ್ಯ ಅಂತ ಪೋಸ್ಟ್‌ಕಾರ್ಡ್ ಮಾಡಿ ಮಾರೋ ಮುಂಭಾಗಗಳು ಹೆಚ್ಚಿನವು ಜರ್ಮನ್ ಮಾತಾಡೋ ರೈತರ ದುಡ್ಡಲ್ಲಿ ಆದವು. ಅವ್ರು ಎಲ್ಲಿ ಹೋದ್ರು? ಎರಡನೇ ಮಹಾಯುದ್ಧ ಮುಗಿದ್ಮೇಲೆ ಚೆಕೊಸ್ಲೊವಾಕಿಯಾದಿಂದ ಸುಮಾರು ಮೂವತ್ತು ಲಕ್ಷ ಜರ್ಮನ್ನರನ್ನ ಹೊರಗೆ ಹಾಕಿದ್ರು. ನಾಜಿಗಳು ಈ ದೇಶಕ್ಕೆ ಮಾಡಿದ್ದು ಸಣ್ಣದಲ್ಲ, ಸಿಟ್ಟು ಸುಮ್ನೆ ಬಂದಿದ್ದಲ್ಲ, ಆದ್ರೆ ನಾಲ್ಕು ಶತಮಾನ ಅದೇ ಅಂಗಳದಲ್ಲಿ ಬದುಕಿದ್ದ ಮನೆತನಗಳೂ ಅದ್ರಲ್ಲಿ ಹೋದ್ವು. ಇಲ್ಲೂ ಹಾಗೇ. ಬಹಳಷ್ಟು ಒಕ್ಕಲು ಮನೆಗಳು ಖಾಲಿ ಬಿದ್ವು.

ಇಲ್ಲಿಂದ ಮುಂದಿನ ಭಾಗ ನಂಗೆ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿದ್ದು. 1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು, ಹೊಲಗಳೆಲ್ಲ ಸಹಕಾರಿ ಬೇಸಾಯಕ್ಕೆ ಸೇರಿದ್ವು. ಬೇರೆ ಹಳ್ಳಿಗಳಲ್ಲಿ ಮುಂದಿನ ವರ್ಷಗಳಲ್ಲಿ ದುಡ್ಡಿದ್ದೋರು ಮನೆ ಮಾಡರ್ನ್ ಮಾಡಿದ್ರು, ಹಳೇ ಗಾರೆ ಬಳ್ಳಿ ಕೆತ್ತಿ ಹಾಕಿ ಬ್ರಿಝೊಲಿತ್ ಅಂತ ಒಂದು ಬೂದು ಒರಟು ಗಾರೆ ಬಳಿದ್ರು, ಚಿಕ್ಕ ಕಿಟಕಿ ತೆಗೆದು ಅಗಲ ಕಿಟಕಿ ಇಟ್ರು. ಚೆಕ್ ದೇಶದಲ್ಲಿ ಎಲ್ಲೇ ಬಸ್ಸಲ್ಲಿ ಹೋದ್ರೂ ಆ ಬೂದು ಮನೆ ಕಾಣುತ್ತೆ. ಹೊಲಾಶೊವಿತ್ಸೆಯಲ್ಲಿ ಅದು ಅಷ್ಟಾಗಿ ನಡೀಲಿಲ್ಲ, ಯಾಕಂದ್ರೆ ಹಾಳುಬಿದ್ದ ಮನೆಗೆ ಮಾಡರ್ನ್ ಮಾಡೋರ್ಯಾರು? ಸೋರ್ತಿತ್ತು, ಗಾರೆ ಉದುರ್ತಿತ್ತು, ಆದ್ರೆ ಯಾರೂ ಕೈ ಹಾಕ್ಲಿಲ್ಲ. ಯಾರೂ ಬೇಡ ಅಂದಿದ್ದಕ್ಕೇ ಉಳ್ಕೊಂಡ ಊರಿದು. 1990ರಿಂದ ಈಚೆಗೆ ರಿಪೇರಿ ಶುರು ಮಾಡಿ, ಜನ ವಾಪಸ್ ಬಂದು ವಾಸ ಮಾಡಿ, ಎಂಟೇ ವರ್ಷದಲ್ಲಿ ವಿಶ್ವ ಪರಂಪರೆ ಪಟ್ಟಿ. ಈಗ ಇರೋರಿಗೆ ಅದರ ಕಷ್ಟಾನೂ ಇದೆ, ಕಿಟಕಿ ಬದಲಾಯಿಸ್ಬೇಕಂದ್ರೂ ಪರಂಪರೆ ಇಲಾಖೆ ಒಪ್ಪಿಗೆ ಬೇಕು, ಇಷ್ಟಬಂದ ಬಣ್ಣ ಬಳಿಯೋ ಹಾಗಿಲ್ಲ, ಬೆಳಿಗ್ಗೆ ಬಾಗಿಲು ತೆಗೆದ್ರೆ ಎದುರಿಗೆ ಸೆಲ್ಫಿ ಸ್ಟಿಕ್. ನಮ್ಮ ಗೆಸ್ಟ್‌ಹೌಸ್ ಯಜಮಾನ್ರು ಇದನ್ನ ಹೇಳ್ವಾಗ ದೂರೂ ಅಲ್ಲ ಹೆಮ್ಮೆನೂ ಅಲ್ಲ ಅನ್ನೋ ಥರ ಭುಜ ಕುಣಿಸಿದ್ರು.

ಊಟಕ್ಕೆ ಬರೋಣ. ಊರಲ್ಲಿ ಹೋಸ್ಪೊದಾ ಅಂದ್ರೆ ಬಿಯರ್ ಸಿಗೋ ಊಟದ ಹೋಟ್ಲು ಇದೆ, ಹೊರಗೆ ಮರದ ಬೆಂಚು. ವೆಜ್ ಜನಕ್ಕೆ ನೇರವಾಗಿ ಹೇಳ್ತೀನಿ, ಆಯ್ಕೆ ಕಮ್ಮಿ. ಸ್ಮಾಝೆನಿ ಸಿರ್ ಅಂತ ಚೀಸ್ ತುಂಡನ್ನ ಬ್ರೆಡ್ ಪುಡೀಲಿ ಹೊರಳಿಸಿ ಕರೆದು ಕೊಡ್ತಾರೆ, ಬಿಸಿಬಿಸಿ ಇದ್ದಾಗ ತಿನ್ನಿ, ಆರಿದ್ರೆ ರಬ್ಬರು. ಆದ್ರೆ ಕುಲಾಯ್ದಾ ಅನ್ನೋ ಸೂಪ್ ಬಿಡ್ಬೇಡಿ, ಅದು ಈ ದಕ್ಷಿಣ ಬೊಹೆಮಿಯಾದ್ದೇ, ಅಂದ್ರೆ ಚೆಕ್ ದೇಶದ ಈ ದಕ್ಷಿಣ ಸೀಮೆದ್ದೇ. ಹುಳಿ ಕೆನೆ, ಆಲೂಗಡ್ಡೆ, ಕಾಡಿನ ಅಣಬೆ, ಕೈತುಂಬ ಸಬ್ಬಸಿಗೆ ಸೊಪ್ಪು, ಮೇಲೆ ಒಡೆದು ಬೇಯಿಸಿದ ಮೊಟ್ಟೆ. ಮೊಟ್ಟೆ ಬೇಡ ಅಂದ್ರೆ ಬಿಟ್ಟು ಕೊಡ್ತಾರೆ, ಆದ್ರೆ ಸೂಪಿನ ಅಡಿಯಲ್ಲಿ ಮಾಂಸದ ಸಾರು ಹಾಕಿದ್ದಾರಾ ಅಂತ ಕೇಳ್ಕೊಳ್ಳಿ. ಅತ್ತೆ ಮೊದಲ ಚಮಚಕ್ಕೇ 'ಸಬ್ಸಿಗೆ!' ಅಂತ ಕೂಗಿದ್ದಕ್ಕೆ ಪಕ್ಕದ ಟೇಬಲ್‌ನೋರು ತಿರುಗಿ ನೋಡಿದ್ರು. ಯೂರೋಪಿಗೆ ಬಂದ್ಮೇಲೆ ಅವ್ರು ಪೂರ್ತಿ ಖಾಲಿ ಮಾಡಿದ ಮೊದಲ ಬಟ್ಟಲು ಅದು. ಹುಳಿ ಖಾರ ಸಿಹಿ ಮೂರ್ರಲ್ಲಿ ಖಾರ ಮಾತ್ರ ಇಲ್ಲ, ಅದಕ್ಕೆ ಬ್ಯಾಗಲ್ಲಿ ಚಟ್ನಿಪುಡಿ ಇತ್ತು, ಅದರ ವಿಷ್ಯ ಹೋಟ್ಲಿನೋರಿಗೆ ಹೇಳ್ಬೇಡಿ.

ನಾನ್‌ವೆಜ್ ತಿನ್ನೋರಿಗೆ ಕಾರ್ಪ್ ಮೀನು ಸಿಕ್ಕಿದ್ರೆ ತಗೊಳ್ಳಿ. ಪೂರ್ವಕ್ಕಿರೋ ತ್ರ್ಶೆಬೊನ್ ಸೀಮೇಲಿ 16ನೇ ಶತಮಾನದಿಂದ ಮೀನಿಗಂತಲೇ ಕಟ್ಟಿದ ಕೆರೆಗಳಿವೆ, ರೊಝ್ಮ್‌ಬೆರ್ಕ್ ಅನ್ನೋದು 1590ರಲ್ಲಿ ಮುಗಿದಿದ್ದು, ಈಗ್ಲೂ ದೇಶದ ಅತಿ ದೊಡ್ಡ ಮೀನು ಕೆರೆ. ಶರತ್ಕಾಲದಲ್ಲಿ ನೀರು ಬಿಟ್ಟು ಮೀನು ಹಿಡೀತಾರೆ, ಕ್ರಿಸ್‌ಮಸ್‌ಗೆ ಪ್ರತಿ ಮನೇಲೂ ಅದೇ. ನಾನು ತಿಂದಿದ್ದು ಕರೆದ ಕಾರ್ಪ್, ರುಚಿ ಇತ್ತು, ಮುಳ್ಳು ಜಾಸ್ತಿ, ಮಾತಾಡ್ಕೊಂಡು ತಿನ್ನೋ ಮೀನಲ್ಲ. ಸ್ವಿಚ್ಕೊವಾ (ಕೆನೆ ಗ್ರೇವಿಯಲ್ಲಿ ದನದ ಮಾಂಸ) ಮತ್ತೆ ಕ್ನೆದ್ಲಿಕಿ (ಹಿಟ್ಟಿನ ಬೇಯಿಸಿದ ಕಡುಬು) ಎಲ್ಲಾ ಕಡೆ ಸಿಗೋ ಥರದ್ದೇ. ಬಿಯರ್ ಅರ್ಧ ಲೀಟರ್ 50-60 ಚೆಕ್ ಕೊರುನಾ ಆಸುಪಾಸು ಬಿತ್ತು, ಪ್ರಾಗ್‌ನ ಟೂರಿಸ್ಟ್ ಜಾಗಕ್ಕಿಂತ ಎಷ್ಟೋ ಕಮ್ಮಿ. ಒಂದೂವರೆ ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಅಡುಗೆಮನೆ ಬೇಗ ಮುಚ್ಚುತ್ತೆ, ಬಾಗಿಲಲ್ಲಿ ಬರೆದ ಟೈಮ್‌ಗೂ ಮುಂಚೆ ಮುಚ್ಚಿದ್ರು, ನಾವು ಕಿರಾಣಿ ಬಿಸ್ಕತ್ತಲ್ಲಿ ರಾತ್ರಿ ಕಳೆಯೋ ಹಾಗಿತ್ತು, ಕೊನೆಗೆ ಗೆಸ್ಟ್‌ಹೌಸಿನೋರು ಬ್ರೆಡ್ಡು ಚೀಸು ಕೊಟ್ರು. ಕಾರ್ಡ್ ಮೆಷಿನ್ ಕೂಡ 'ಇವತ್ತು ಇಲ್ಲ'. ಕೈಯಲ್ಲಿ ಕ್ಯಾಷ್ ಇರ್ಲಿ.

ಊರ ಹೊರಗೆ ಹೊಲದಲ್ಲಿ ಕಲ್ಲು ನೆಟ್ಟ ಒಂದು ವೃತ್ತ ಇದೆ, ಇಂಗ್ಲೆಂಡಿನ ಪುರಾತನ ಕಲ್ಲುವೃತ್ತದ ಹೆಸರಲ್ಲಿ ಸ್ಟೋನ್‌ಹೆಂಜ್ ಅಂತ ಬೋರ್ಡ್ ಬೇರೆ. ಪುರಾತನ ಅನ್ಕೊಂಡು ಕೈಮುಗಿಬೇಡಿ, 2008ರಲ್ಲಿ ಕಟ್ಟಿದ್ದು. ಮಕ್ಳಿದ್ರೆ ಓಡಾಡೋಕೆ ಪರ್ವಾಗಿಲ್ಲ. ಅದಕ್ಕಿಂತ ಹಳೇ ಒಕ್ಕಲುತನದ ಸಾಮಾನು ಇಟ್ಟಿರೋ ಚಿಕ್ಕ ಮ್ಯೂಸಿಯಂಗೆ ಹೋಗಿ, ಗೆಸ್ಟ್‌ಹೌಸಲ್ಲಿ ಉಳೀದೇ ಇರೋರಿಗೆ ಅಂಗಳದ ಒಳಗೆ ಹೋಗೋಕೆ ಸಿಗೋ ಒಂದು ದಾರಿ ಅದು.

ಜುಲೈ ಕೊನೇಲಿ ರೈತರ ಹಬ್ಬ ನಡೆಯುತ್ತೆ, ಸೆಲ್ಸ್ಕೆ ಸ್ಲಾವ್ನೊಸ್ತಿ ಅಂತ, ಕರಕುಶಲದೋರು, ಹಾಡು, ಕುಣಿತ, ಬಯಲು ತುಂಬ ಅಂಗಡಿ. 140 ಜನರ ಊರಿಗೆ ಸಾವಿರಗಟ್ಲೆ ಜನ. ಜಾತ್ರೆ ಇಷ್ಟ ಇದ್ರೆ ಆಗ ಹೋಗಿ, ಮನೆ ನೋಡ್ಬೇಕು ಅಂದ್ರೆ ಆಗ ಬೇಡ್ವೇ ಬೇಡ, ರೂಮೂ ಸಿಗಲ್ಲ. ಮೇ ಅಥ್ವಾ ಸೆಪ್ಟೆಂಬರ್ ವಾರದ ದಿನ ಬೆಸ್ಟ್. ಚಳಿಗಾಲದಲ್ಲಿ ಹೋಟ್ಲು ತೆಗೆದಿರುತ್ತೋ ಇಲ್ವೋ ಮೊದ್ಲೇ ಫೋನ್ ಮಾಡಿ ಕೇಳಿ.

ವ್ಯಾನ್ ಟೂರ್ ಬಗ್ಗೆ ಇನ್ನೊಂದು ಮಾತು ಉಳೀತು. ಜಾಹೀರಾತಲ್ಲಿ 'ಹಳ್ಳಿ ಮನೆ ಭೇಟಿ' ಅಂತ ಇತ್ತು, ಅದಕ್ಕೇ ದುಡ್ಡು ಜಾಸ್ತಿ ಕೊಟ್ಟಿದ್ದು, ಕರ್ಕೊಂಡು ಹೋಗಿದ್ದು ಗಿಫ್ಟ್ ಅಂಗಡಿಗೆ. ಕೇಳಿದ್ರೆ 'ಅಂಗಡಿ ಇರೋದು ಮನೆಯಲ್ಲೇ ಅಲ್ವಾ' ಅಂದ್ರು. ಅವ್ರ ಮಾತಲ್ಲಿ ತಪ್ಪು ಹುಡುಕೋಕಾಗಲ್ಲ, ದುಡ್ಡು ಮಾತ್ರ ವಾಪಸ್ ಬರ್ಲಿಲ್ಲ. ನಾಲ್ಕು ಜನ ಇದ್ರೆ ಅದೇ ದುಡ್ಡಿಗೆ ಬುದ್ಯೆಯೊವಿತ್ಸೆಯಿಂದ ಬಸ್ ಟಿಕೆಟ್ಟು, ಮೇಲೆ ರೂಮ್ ಬಾಡಿಗೆಗೂ ಒಂದು ಪಾಲು ಆಗುತ್ತೆ. ವಯಸ್ಸಾದೋರ ಜೊತೆ ಹೋಗೋದಾದ್ರೆ ಊರೆಲ್ಲ ಸಮತಟ್ಟು, ನಡೆಯೋಕೆ ತೊಂದ್ರೆ ಇಲ್ಲ, ಬೆಂಚ್ ಇವೆ, ಬಸ್ ಇಳಿದ್ರೆ ಊರೇ. ಬುಕ್ಕಿಂಗಲ್ಲಿ ಕೆಳಗಿನ ರೂಮ್ ಅಂತ ಬರೆದು, ಹೊರಡೋ ಹಿಂದಿನ ದಿನ ಇನ್ನೊಂದು ಮೆಸೇಜೂ ಹಾಕ್ಬಿಡಿ.